ಆಗೊಮ್ಮೆ ಈಗೊಮ್ಮೆ ಕೈಕೊಡುವ ಕರೆಂಟು: ಹಳೆಯ ಎಂಜಿಬಿಯಲ್ಲಿ ದೋಷ ಹಿಡಿಯುವ ಬಗೆ

ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಇಪ್ಪತ್ತು ನಿಮಿಷ ಕಳೆದ ಮೇಲೆ, ಗುಂಡಿಗೆ ಚಕ್ರ ಇಳಿದಾಗಲೋ ಆಕ್ಸಿಲರೇಟರ್ ಅರ್ಧ ಒತ್ತಿ ಹೋಗುವಾಗಲೋ, ಎಂಜಿನ್ ಒಮ್ಮೆಲೇ ಸತ್ತುಬೀಳುತ್ತದೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನಾಲ್ಕು ವೈರು ಅಲುಗಿಸಿದರೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸಾಧುವಿನಂತೆ ನಡೆದುಕೊಳ್ಳುತ್ತದೆ. ಮೆಕ್ಯಾನಿಕ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿ) ಬದಲಿಸುತ್ತಾರೆ, ಒಂದು ವಾರ ಸರಿ. ಆಮೇಲೆ ಕಂಡೆನ್ಸರ್ (ಪುಟ್ಟ ಕೆಪಾಸಿಟರ್), ಹತ್ತು ದಿನ ಸರಿ. ಹೊಸ ಭಾಗ ಇಲ್ಲಿ ಮಾಡಿದ್ದು ಏನೂ ಇಲ್ಲ. ಅದನ್ನು ಹಾಕಲು ವೈರು ಬಿಚ್ಚಿ ಸಿಕ್ಕಿಸಿದಾಗ ಕಿಲುಬು ಹಿಡಿದ ಜೋಡಣೆ ಒಂದಿಷ್ಟು ಉಜ್ಜಿಕೊಂಡು ತಾತ್ಕಾಲಿಕವಾಗಿ ಹಿಡಿದುಕೊಂಡಿದೆ, ಅಷ್ಟೇ. ಬಂದು ಹೋಗುವ ದೋಷದಲ್ಲಿ ಅಂದಾಜಿನ ಮೇಲೆ ಭಾಗ ಬದಲಿಸುವುದು ಹಣ ಕಳೆಯುವುದಕ್ಕಿಂತ ದೊಡ್ಡ ನಷ್ಟ ಮಾಡುತ್ತದೆ: ಸಾಕ್ಷಿಯನ್ನೇ ಅಳಿಸಿಹಾಕುತ್ತದೆ.

ಇಲ್ಲಿ ಉದಾಹರಣೆಗೆ ಎತ್ತಿಕೊಂಡಿರುವುದು ಎಂಜಿಬಿ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ, ಇಂದಿಗೂ ಬಿಡಿಭಾಗ ಸಿಗುವ ಸ್ಪೋರ್ಟ್ಸ್ ಕಾರು. ನಮ್ಮ ಕಡೆಯವರಿಗೆ ಇದು ತೀರ ಅಪರಿಚಿತವೂ ಅಲ್ಲ. ಇದರ 1798 ಸಿಸಿ ಎಂಜಿನ್, ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಎಂಜಿನ್ನಿನ ಅಣ್ಣ; ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಯವು. ಹಳೆಯ ಅಂಬಾಸಿಡರ್‌ನ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ಮುಚ್ಚಳ ಬಿಚ್ಚಿ, ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಸೆಟ್ ಮಾಡಿದವರಿಗೆ ಮುಂದಿನ ಮಾತು ಕೈಗೆ ಪರಿಚಯವಿರುವಂಥದ್ದೇ.

ಮೊದಲು ಮೀಟರ್ ಏಕೆ ಸುಳ್ಳು ಹೇಳುತ್ತದೆ ಎಂಬುದು ತಿಳಿದಿರಬೇಕು. ಎಂಜಿಬಿಯ ಮಾಮೂಲಿ ಇಗ್ನಿಷನ್ ಕಾಯಿಲ್‌ನ ಪ್ರೈಮರಿ, ಅಂದರೆ ಬ್ಯಾಟರಿಯ ಕರೆಂಟು ಹರಿಯುವ ಸುತ್ತು, ಸುಮಾರು 3 ಓಮ್. 12 ವೋಲ್ಟಿಗೆ ಅದು 4 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದು ಕನೆಕ್ಟರ್ ಕಿಲುಬು ಹಿಡಿದು 1 ಓಮ್ ತಡೆ ಒಡ್ಡಿದರೆ ಕರೆಂಟು 3 ಆಂಪಿಯರ್‌ಗೆ ಇಳಿಯುತ್ತದೆ, ಕಾಯಿಲ್‌ಗೆ ಸಿಗುವುದು 9 ವೋಲ್ಟ್ ಮಾತ್ರ. ಅದೇ ಕನೆಕ್ಟರನ್ನು ಕಾಯಿಲ್ ಕಳಚಿಟ್ಟು ಮಲ್ಟಿಮೀಟರಿನಿಂದ ನೋಡಿ: ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಏಕೆಂದರೆ ಡಿಜಿಟಲ್ ಮೀಟರಿನ ಒಳತಡೆ ಸಾಮಾನ್ಯವಾಗಿ 1 ಕೋಟಿ ಓಮ್. ಅದರ ಮೂಲಕ ಹರಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಒಂದೇ ಒಂದು ತಾಮ್ರದ ಎಳೆ ತಾಗಿಕೊಂಡಿದ್ದರೂ ಮೀಟರಿಗೆ ಎಲ್ಲವೂ ಸರಿ. ಓಮ್ ಅಳತೆಗೆ ಇಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಮೀಟರಿನ ಸ್ವಂತ ವೈರುಗಳೇ 0.2–0.3 ಓಮ್ ತೋರಿಸುವಾಗ ಅರ್ಧ ಓಮಿನ ದೋಷ ಅದರಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಅಳತೆಯೆಲ್ಲ ಲೋಡ್ ಇರುವಾಗಲೇ ಆಗಬೇಕು. ಕರೆಂಟು ಹರಿಯುತ್ತಿರುವಾಗ ಜೋಡಣೆಯ ಈ ಬದಿಗೊಂದು, ಆ ಬದಿಗೊಂದು ಮೀಟರಿನ ಮೊನೆ ಇಟ್ಟು ನೋಡಬೇಕು. ಆರೋಗ್ಯವಂತ ಜೋಡಣೆ 0.1 ವೋಲ್ಟಿಗಿಂತ ಹೆಚ್ಚು ನುಂಗುವುದಿಲ್ಲ.

ಹೆಡ್‌ಲೈಟಿನಲ್ಲಿ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಎರಡು 55 ವ್ಯಾಟ್ ಬಲ್ಬಿಗೆ 9 ಆಂಪಿಯರ್. ಜೋಡಣೆಯಲ್ಲಿ 0.2 ಓಮ್ ಇದ್ದರೆ 1.8 ವೋಲ್ಟ್ ಹೋಯಿತು, ಆ ಪುಟ್ಟ ಜಾಗದಲ್ಲಿ 16 ವ್ಯಾಟ್ ಶಾಖ ಹುಟ್ಟಿತು. ಶಾಖಕ್ಕೆ ಹಿತ್ತಾಳೆಯ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ತಡೆ ಹೆಚ್ಚುತ್ತದೆ. ಸ್ವಲ್ಪ ದೂರ ಹೋದ ಮೇಲೆ ದೀಪ ಮಂಕಾಗುವುದು, ಕಾರು ತಣ್ಣಗಾದ ಮೇಲೆ ಸರಿಯಾಗುವುದು ಇದರಿಂದಲೇ. ಈ ಕಾರಿಗೆ ಕಾರ್ಖಾನೆಯಿಂದ ಹೆಡ್‌ಲೈಟ್ ರಿಲೇ ಬಂದಿರಲಿಲ್ಲ. ಇಡೀ ಕರೆಂಟು ಸ್ವಿಚ್ಚಿನ ಮೂಲಕವೇ ಹಾಯಬೇಕು.

ವೈರಿನ ಬಣ್ಣವೇ ನಕ್ಷೆ

ಈ ಕಾರಿನ ವಿದ್ಯುತ್ ಭಾಗಗಳನ್ನು ಮಾಡಿದ ಲ್ಯೂಕಾಸ್ ಕಂಪನಿಯ ಬಣ್ಣಪದ್ಧತಿ ಒಮ್ಮೆ ತಲೆಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ಕಂದು ಎಂದರೆ ಬ್ಯಾಟರಿಯಿಂದ ಬರುವ, ಫ್ಯೂಸ್ ಇಲ್ಲದ, ಸದಾ ಜೀವಂತ ವೈರು. ಬಿಳಿ ಎಂದರೆ ಕೀ ತಿರುಗಿಸಿದ ಮೇಲೆ ಜೀವ ಬರುವಂಥದ್ದು, ಇದಕ್ಕೂ ಫ್ಯೂಸ್ ಇಲ್ಲ. ಬಿಳಿ ಫ್ಯೂಸ್ ದಾಟಿದರೆ ಹಸಿರು, ಕಂದು ಫ್ಯೂಸ್ ದಾಟಿದರೆ ನೇರಳೆ. ಕಪ್ಪು ಅರ್ತ್, ಅಂದರೆ ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ. ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ದೀಪಕ್ಕೆ. ಮೂಲ ಬಣ್ಣದ ಮೇಲೆ ಇನ್ನೊಂದು ಬಣ್ಣದ ಗೆರೆ ಇದ್ದರೆ ಅದು ಅದೇ ದಾರಿಯ ಕವಲು; ಬಿಳಿಯ ಮೇಲೆ ಕೆಂಪು ಗೆರೆಯಿದ್ದರೆ ಸ್ಟಾರ್ಟರ್ ಕಡೆಗೆ ಹೋಗುವ ವೈರು.

ಎಂಜಿನ್ ನಿಲ್ಲುವ ದೋಷದಲ್ಲಿ ನಮಗೆ ಬೇಕಾದದ್ದು ಬಿಳಿ. ಇಗ್ನಿಷನ್ ಸ್ವಿಚ್ಚಿನಿಂದ ಹೊರಟ ಬಿಳಿ ಮೂರು ಕಡೆ ಕವಲೊಡೆಯುತ್ತದೆ: ಫ್ಯೂಸ್‌ಬಾಕ್ಸಿಗೆ, ಕಾಯಿಲ್‌ಗೆ, ಕಾರಿನ ಹಿಂಭಾಗದ, ಎಸ್‌ಯು ಕಂಪನಿಯ ವಿದ್ಯುತ್ ಪೆಟ್ರೋಲ್ ಪಂಪಿಗೆ. ಸುಮಾರು 1972ರವರೆಗಿನ ಕಾರುಗಳಲ್ಲಿ ಕಾಯಿಲ್‌ಗೆ ಹೋಗುವ ಬಿಳಿ ವೈರು ದಾರಿಯಲ್ಲಿ ಟ್ಯಾಕೋಮೀಟರಿನ (ಎಂಜಿನ್ ತಿರುಗುವ ವೇಗ ತೋರಿಸುವ ಮೀಟರಿನ) ಬೆನ್ನಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತದೆ. ಅಂದರೆ ಡ್ಯಾಶಿನ ಹಿಂದೆ ಟ್ಯಾಕೋದ ಜೋಡಣೆ ಸಡಿಲವಾದರೂ ಎಂಜಿನ್ ನಿಲ್ಲುತ್ತದೆ. ಇದನ್ನು ಊಹಿಸುವವರು ಕಡಿಮೆ. ಆಮೇಲಿನ ಕಾರುಗಳಲ್ಲಿ ಈ ಸುತ್ತು ಇಲ್ಲ. ಟ್ಯಾಕೋ ಕಾಯಿಲ್‌ನ ಇನ್ನೊಂದು ತುದಿಯಿಂದ ಸೂಚನೆ ಪಡೆಯುತ್ತದೆ.

ಮೂರು ಎಚ್ಚರಿಕೆ. 1967ರ ಕೊನೆಗೆ ಬಂದ ಎರಡನೇ ಮಾದರಿಗೆ ಮುಂಚಿನ ಕಾರುಗಳು ಪಾಸಿಟಿವ್ ಅರ್ತ್. ಅವುಗಳಲ್ಲಿ ಬಾಡಿಯೇ ಪ್ಲಸ್, ಹಾಗಾಗಿ ಮೀಟರಿನಲ್ಲಿ ಮೈನಸ್ ಗುರುತು ಕಂಡರೆ ಗಾಬರಿ ಬೇಡ. ರಬ್ಬರ್ ಬಂಪರ್ ಬಂದ 1974ರ ಕೊನೆಯ ನಂತರದ ಕಾರುಗಳ ಹಾರ್ನೆಸ್ಸಿನೊಳಗೆ (ವೈರುಗಳ ಕಟ್ಟಿನೊಳಗೆ) ವೋಲ್ಟೇಜ್ ತಗ್ಗಿಸುವ ತಡೆ ವೈರು ಇರುತ್ತದೆ, ಕಾಯಿಲ್ ಸುಮಾರು 1.5 ಓಮಿನದು. ಅಲ್ಲಿ ಪಾಯಿಂಟ್ ಮುಚ್ಚಿದಾಗ ಕಾಯಿಲ್‌ನ ಪ್ಲಸ್‌ನಲ್ಲಿ 6 ವೋಲ್ಟಿನ ಆಸುಪಾಸು ಕಾಣುವುದೇ ಸರಿ. ಅಮೆರಿಕಕ್ಕೆ ಹೋದ 1975ರಿಂದಾಚೆಯ ಕಾರುಗಳಲ್ಲಿ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಇದೆ. ಕೆಳಗಿನ ಪಾಯಿಂಟಿನ ಮಾತು ಅವಕ್ಕೆ ಅನ್ವಯಿಸುವುದಿಲ್ಲ.

ಎಂಜಿನ್ ಸಾಯುವ ಆ ಕ್ಷಣ

ದೋಷ ಇಲ್ಲದಿರುವಾಗ ಹುಡುಕಿ ಫಲವಿಲ್ಲ. ಅದು ಬಂದ ಎರಡು ಮೂರು ಸೆಕೆಂಡು ಚಿನ್ನದಂಥವು. ಎಂಜಿನ್ ನಿಂತ ಕೂಡಲೇ ಕ್ಲಚ್ ಒತ್ತಬೇಡಿ. ರಸ್ತೆ ಖಾಲಿಯಿದ್ದರೆ ಗೇರಿನಲ್ಲೇ ಬಿಟ್ಟು ಟ್ಯಾಕೋ ನೋಡಿ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ಹಾಗಿದ್ದೂ ಮುಳ್ಳು ದಢಕ್ಕನೆ ಸೊನ್ನೆಗೆ ಬಿದ್ದರೆ ಕಾಯಿಲ್‌ನ ಪ್ರೈಮರಿಯಲ್ಲಿ ಕರೆಂಟು ಕಡಿದುಹೋಗಿದೆ: ಸ್ವಿಚ್, ಬಿಳಿ ವೈರು, ಕಾಯಿಲ್, ಪಾಯಿಂಟ್, ಇವುಗಳಲ್ಲೊಂದು. ಮುಳ್ಳು ವೇಗಕ್ಕೆ ತಕ್ಕಂತೆ ನಿಧಾನವಾಗಿ ಇಳಿದರೆ ಪ್ರೈಮರಿ ಚೆನ್ನಾಗಿದೆ. ಆಗ ರೋಟರ್ (ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತ ಕಿಡಿ ಹಂಚುವ ತುಂಡು), ಹೈಟೆನ್ಷನ್ ವೈರು, ಕಾಯಿಲ್‌ನ ಸೆಕೆಂಡರಿ, ಇಲ್ಲವೇ ಪೆಟ್ರೋಲ್ ಕಡೆ ನೋಡಬೇಕು.

ಅದೇ ಉಸಿರಿನಲ್ಲಿ ಇಂಡಿಕೇಟರ್ ಹಾಕಿ ನೋಡಿ. ಅದು ಹಸಿರು ವೈರಿನ ಮೇಲಿದೆ, ಹಸಿರಿಗೆ ಮೂಲ ಬಿಳಿ. ಇಂಡಿಕೇಟರ್ ಕೂಡ ಸತ್ತಿದ್ದರೆ ದೋಷ ಕವಲಿಗಿಂತ ಹಿಂದೆ, ಸ್ವಿಚ್ಚಿನ ಬಳಿಯೋ ಕಂದು ವೈರಿನಲ್ಲೋ ಇದೆ. ಇಂಡಿಕೇಟರ್ ಮಿನುಗುತ್ತಿದ್ದು ಟ್ಯಾಕೋ ಮಾತ್ರ ಬಿದ್ದಿದ್ದರೆ ಕಾಯಿಲ್‌ನ ಕವಲಿನಲ್ಲಿದೆ.

ಒಬ್ಬರೇ ಓಡಿಸುವಾಗ ಇಷ್ಟೆಲ್ಲ ಗಮನಿಸುವುದು ಕಷ್ಟ, ಅಪಾಯವೂ ಹೌದು. ಅದಕ್ಕೇ ಸಾಕ್ಷಿ ಬಲ್ಬು. 12 ವೋಲ್ಟ್, 2.2 ವ್ಯಾಟಿನ ಮೂರು ಡ್ಯಾಶ್ ಬಲ್ಬು ಹೋಲ್ಡರ್ ಸಮೇತ ತನ್ನಿ, ಒಂದು ರಟ್ಟಿನ ಮೇಲೆ 1, 2, 3 ಎಂದು ಬರೆದು ಸಾಲಾಗಿ ಕೂರಿಸಿ. ಒಂದನೆಯದಕ್ಕೆ ವೈರು ಫ್ಯೂಸ್‌ಬಾಕ್ಸಿನ ಬಿಳಿ ತುದಿಯಿಂದ. ಎರಡನೆಯದಕ್ಕೆ ಕಾಯಿಲ್‌ಗೆ ಬಿಳಿ ವೈರು ಬರುವ ತುದಿಯಿಂದ; ಹಳೆಯ ಕಾಯಿಲ್ ಆದರೆ ಎಸ್‌ಡಬ್ಲ್ಯೂ ಎಂದಿರುತ್ತದೆ. ಮೂರನೆಯದಕ್ಕೆ ಪೆಟ್ರೋಲ್ ಪಂಪಿನಿಂದ. ಪ್ರತಿ ವೈರಿಗೂ, ಅದು ಹೊರಡುವ ಜಾಗದಲ್ಲೇ, 1 ಆಂಪಿಯರ್ ಫ್ಯೂಸ್ ಹಾಕಿ. ಈ ವೈರು ಎಲ್ಲಾದರೂ ಬಾಡಿಗೆ ತಾಗಿದರೆ ಹೊಸ ದೋಷವೊಂದನ್ನು ನಾವೇ ಹುಟ್ಟಿಸಿದಂತಾಗಬಾರದು. ಮೊದಲೆರಡು ಬಲ್ಬಿನ ಅರ್ತ್ ಡ್ಯಾಶಿನ ಸ್ಕ್ರೂವಿಗೆ ಬೇಡ, ಬ್ಯಾಟರಿಯ ಅರ್ತ್ ತುದಿಗೆ ನೇರ ಹೋಗಲಿ. ಮೂರನೆಯದರ ಅರ್ತ್ ಮಾತ್ರ ಪಂಪಿನ ಕಪ್ಪು ವೈರಿನ ತುದಿಗೇ ಕೊಡಿ. ಹೀಗೆ ಮಾಡಿದರೆ ಪಂಪಿಗೆ ಕರೆಂಟು ತಪ್ಪಿದರೂ ಬಲ್ಬು ಆರುತ್ತದೆ, ಪಂಪಿನ ಅರ್ತ್ ತಪ್ಪಿದರೂ ಆರುತ್ತದೆ. ಎಲ್‌ಇಡಿ ಬೇಡ, ಕಿಲುಬಿನಲ್ಲಿ ಹಾದುಬಂದ ಚೂರು ಕರೆಂಟಿಗೂ ಅದು ಬೆಳಗಿ ದಾರಿ ತಪ್ಪಿಸುತ್ತದೆ.

ಪಕ್ಕದಲ್ಲಿ ಕೂತವರಿಗೆ ರಟ್ಟು ಕೊಟ್ಟು ಓಡಿಸಿ. ಎಂಜಿನ್ ನಿಂತಾಗ ಮೂರೂ ಆರಿದರೆ ಸ್ವಿಚ್, ಕಂದು ವೈರು, ಬ್ಯಾಟರಿ ಕಡೆ. ಎರಡನೆಯದು ಮಾತ್ರ ಆರಿದರೆ ಟ್ಯಾಕೋದ ಸುತ್ತು ಮತ್ತು ಅಲ್ಲಿಂದ ಕಾಯಿಲ್‌ವರೆಗಿನ ವೈರು. ಮೂರನೆಯದು ಮಾತ್ರ ಆರಿದರೆ ಹಿಂದಕ್ಕೆ ಹೋಗುವ ಹಾರ್ನೆಸ್. ಯಾವುದೂ ಆರದೆ ಟ್ಯಾಕೋ ಬಿದ್ದರೆ ಕಾಯಿಲ್‌ನ ಒಳಗೆ ಅಥವಾ ಡಿಸ್ಟ್ರಿಬ್ಯೂಟರಿನಲ್ಲಿ. ಒಂದೇ ಒಂದು ಸಲ ದೋಷ ಕಾಣಿಸಿಕೊಂಡರೆ ಸಾಕು, ಹುಡುಕುವ ಜಾಗ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ.

ಡಿಸ್ಟ್ರಿಬ್ಯೂಟರಿನೊಳಗಿನ ಬೆರಳುದ್ದದ ವೈರು

ಅತಿ ಹೆಚ್ಚು ಮೋಸ ಮಾಡುವ ಜಾಗ ಇದು. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನ ಬದಿಯಿಂದ ಪಾಯಿಂಟಿಗೆ ಒಂದು ಪುಟ್ಟ ವೈರು ಹೋಗುತ್ತದೆ. ಪಾಯಿಂಟ್ ಕೂತಿರುವ ತಟ್ಟೆ ಸ್ಥಿರವಲ್ಲ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಹೀರಿಕೆಯಿಂದ ಕಿಡಿಯ ಹೊತ್ತನ್ನು ಮುಂದಿಡುವ ಸಾಧನ) ಎಳೆದಾಗಲೆಲ್ಲ ಕೆಲವು ಡಿಗ್ರಿ ತಿರುಗುತ್ತದೆ. ವರ್ಷಗಟ್ಟಲೆ ಹೀಗೆ ಬಾಗಿ ಬಾಗಿ ಹೊರಗಿನ ಹೊದಿಕೆ ಹಾಗೇ ಇದ್ದು ಒಳಗಿನ ಎಳೆಗಳು ತುಂಡಾಗುತ್ತವೆ. ತಟ್ಟೆ ಒಂದು ಕಡೆ ಇದ್ದಾಗ ತುದಿಗಳು ತಾಗಿರುತ್ತವೆ, ಇನ್ನೊಂದು ಕಡೆ ಹೋದಾಗ ಬಿಟ್ಟುಕೊಳ್ಳುತ್ತವೆ. ಅರ್ಧ ಆಕ್ಸಿಲರೇಟರಿನಲ್ಲಿ ಆರಾಮವಾಗಿ ಹೋಗುವಾಗಲೇ ವ್ಯಾಕ್ಯೂಮ್ ಹೆಚ್ಚು ಎಳೆಯುವುದು. ಪೂರ್ತಿ ಒತ್ತಿದರೆ ಎಳೆತ ತಗ್ಗಿ ಎಂಜಿನ್ ಮತ್ತೆ ಜೀವ ಹಿಡಿಯುತ್ತದೆ. ಇದನ್ನು ಕಂಡವರು ಕಾರ್ಬ್ಯುರೇಟರಿನ ಮೇಲೆ ಗುಮಾನಿ ಪಟ್ಟು ಅದನ್ನು ಬಿಚ್ಚಿಹಾಕುವುದು ಮಾಮೂಲು.

ಪರೀಕ್ಷೆ ಸುಲಭ. ಮುಚ್ಚಳ ಮತ್ತು ರೋಟರ್ ತೆಗೆಯಿರಿ. ಪಾಯಿಂಟ್ ಮುಚ್ಚುವವರೆಗೆ ಎಂಜಿನ್ ಕೈಯಿಂದ ತಿರುಗಿಸಿ, ಆಮೇಲೆ ಕೀ ಆನ್ ಮಾಡಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಇಡಿ. 0.2 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಪೂರ್ತಿ 12 ತೋರಿಸಿದರೆ ಪಾಯಿಂಟ್ ತೆರೆದಿದೆ, ಇಲ್ಲವೇ ದೋಷ ಆಗಲೇ ಕೈಗೆ ಸಿಕ್ಕಿದೆ. ಈಗ ಹೆಬ್ಬೆರಳಿನಿಂದ ತಟ್ಟೆಯನ್ನು ವ್ಯಾಕ್ಯೂಮ್ ಎಳೆಯುವ ದಿಕ್ಕಿಗೆ ಮೆಲ್ಲಗೆ ತಳ್ಳಿ, ಬಿಡಿ, ಮತ್ತೆ ತಳ್ಳಿ. ಪೈಪನ್ನು ಬಾಯಿಂದ ಹೀರಿದರೂ ಆದೀತು. ಅಂಕಿ 0.2ರಿಂದ 3ಕ್ಕೋ 12ಕ್ಕೋ ಜಿಗಿದರೆ ಕಳ್ಳ ಸಿಕ್ಕ. ಕೀ ಆನ್ ಇಟ್ಟು ಒಂದು ನಿಮಿಷಕ್ಕಿಂತ ಹೆಚ್ಚು ಇರಬೇಡಿ. ಪಾಯಿಂಟ್ ಮುಚ್ಚಿರುವಾಗ ಕಾಯಿಲ್ ಸುಮ್ಮನೆ ಬಿಸಿಯಾಗುತ್ತದೆ.

ಅಲ್ಲೇ ಎರಡನೇ ವೈರೂ ಇದೆ: ತಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಅರ್ತ್ ಕೊಡುವ ತುಂಡು. ಅದು ಹರಿದರೆ ತಟ್ಟೆ ತನ್ನ ಕೀಲಿನ ಮೂಲಕವೇ ಅರ್ತ್ ಹುಡುಕಿಕೊಳ್ಳುತ್ತದೆ, ಕೀಲಿನಲ್ಲಿ ಎಣ್ಣೆ ಇದ್ದರೆ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಎರಡನ್ನೂ ಬದಲಿಸುವಾಗ ಬಹಳ ಸಣ್ಣ ಎಳೆಗಳ, ಸಿಲಿಕೋನ್ ಹೊದಿಕೆಯ ಮೆದು ವೈರನ್ನೇ ಹಾಕಬೇಕು. ಮನೆ ವೈರಿಂಗಿನ ಬಿರುಸು ತಂತಿ ಹಾಕಿದರೆ ಬೇಗನೆ ತುಂಡಾಗುತ್ತದೆ, ಜೊತೆಗೆ ತಟ್ಟೆ ಸರಿಯಾಗಿ ತಿರುಗಲೂ ಬಿಡುವುದಿಲ್ಲ. ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ.

ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುವ ಕಾರಿನಲ್ಲಿ ಕಂಡೆನ್ಸರ್ ಮೇಲೆ ಮೊದಲ ಅನುಮಾನ. ಸರಿಯಾಗಿರುವ 0.2 ಮೈಕ್ರೋಫ್ಯಾರಡ್ ಕಂಡೆನ್ಸರ್ ಒಂದನ್ನು ಕ್ಲಿಪ್ ಹಚ್ಚಿ ಕಾರಿನಲ್ಲಿಡಿ. ಎಂಜಿನ್ ನಿಂತಾಗ, ಏನನ್ನೂ ಬಿಚ್ಚದೆ, ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೂ ಅರ್ತಿಗೂ ಅದನ್ನು ಸಿಕ್ಕಿಸಿ. ಕೂಡಲೇ ಸ್ಟಾರ್ಟ್ ಆದರೆ ಒಳಗಿನ ಕಂಡೆನ್ಸರಿನ ಒಳಜೋಡಣೆ ಬಿಟ್ಟಿದೆ. ಅದು ಶಾರ್ಟ್ ಆಗಿದ್ದರೆ ಮಾತ್ರ ಈ ಉಪಾಯ ನಡೆಯದು. ಆಗ ಒಳಗಿನದರ ವೈರು ಕಳಚಲೇಬೇಕು. ಬೇಕೆಂದೇ ಬಿಸಿ ಮಾಡಿ ನೋಡಲು ಕೂದಲು ಒಣಗಿಸುವ ಡ್ರೈಯರ್ ಸಾಕು. ಒಂದು ಹೊತ್ತಿಗೆ ಒಂದೇ ಭಾಗಕ್ಕೆ ಗಾಳಿ ಹಾಯಿಸಬೇಕು.

ಟ್ಯಾಕೋ ಬೀಳದೆ ಎಂಜಿನ್ ನಿಲ್ಲುತ್ತಿದ್ದರೆ ರೋಟರ್ ನೋಡಿ. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರುಗಳಲ್ಲಿ ಕಿಡಿ ರಿವೆಟಿನ ಮೂಲಕ ಕೆಳಗಿನ ಶಾಫ್ಟಿಗೆ ಹಾರುತ್ತದೆ. ಕಾಯಿಲ್‌ನ ದಪ್ಪ ವೈರನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ರೋಟರಿನ ಮಧ್ಯದಿಂದ 3–4 ಮಿ.ಮೀ. ಮೇಲೆ ಇಟ್ಟು ಸ್ಟಾರ್ಟರ್ ಹೊಡೆಯಿಸಿ. ರೋಟರಿಗೆ ಕಿಡಿ ಹಾರಿದರೆ ಅದು ಸೋರುತ್ತಿದೆ. ಪೆಟ್ರೋಲ್ ವಾಸನೆ ಇರುವಲ್ಲಿ ಈ ಕೆಲಸ ಬೇಡ.

ಉಳಿದ ಕವಲುಗಳು

ಮೂರನೇ ಬಲ್ಬು ಆರಿದ್ದರೆ ಡಿಕ್ಕಿಯೊಳಗಿನ ಅರ್ತ್ ಬೋಲ್ಟು, ಮುಂದಿನ ಹಾರ್ನೆಸ್ ಹಿಂದಿನದಕ್ಕೆ ಸೇರುವ, ಗುಂಡಿನಾಕಾರದ ತುದಿಯ ಬುಲೆಟ್ ಕನೆಕ್ಟರುಗಳು, ಇಷ್ಟೇ. ಬಲ್ಬು ಉರಿಯುತ್ತಲೇ ಇದ್ದು ಪಂಪಿನ ಟಿಕ್ ಟಿಕ್ ನಿಂತಿದ್ದರೆ ಪಂಪಿನ ಒಳಗಿನ ಪಾಯಿಂಟ್ ಸುಟ್ಟಿದೆ. ಮೈಗೆ ಮೆಲ್ಲಗೆ ತಟ್ಟಿದಾಗ ಎದ್ದರೆ ಅದೇ ಖಾತ್ರಿ.

ಮೂರೂ ಆರಿದ್ದರೆ ಸ್ವಿಚ್ಚಿನ ಕಂದು ತುದಿಗೂ ಬಿಳಿ ತುದಿಗೂ ನಡುವೆ ಮೀಟರ್ ಇಟ್ಟು, ಕೀ ಆನ್ ಮಾಡಿ ಮೆಲ್ಲಗೆ ಅಲುಗಿಸಿ. 0.2 ವೋಲ್ಟ್ ದಾಟಿದರೆ ಸ್ವಿಚ್ ಸವೆದಿದೆ. ಮನೆ, ಗೋದಾಮು, ಗೇಟಿನ ಕೀಗಳನ್ನೆಲ್ಲ ಒಂದೇ ಗೊಂಚಲಿನಲ್ಲಿ ನೇತುಹಾಕಿದ್ದರೆ ಅದರ ಭಾರಕ್ಕೂ ಇದರಲ್ಲಿ ಪಾಲಿದೆ. ಬ್ಯಾಟರಿ ಕಡೆಯನ್ನೂ ಬಿಡಬಾರದು. 1974ರವರೆಗಿನ ಕಾರಿನಲ್ಲಿ ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ, ಅವುಗಳ ನಡುವೆ ಒಂದು ಕೊಂಡಿ ಕೇಬಲ್, ಕೆಳಗಿನಿಂದ ರಸ್ತೆಯ ನೀರು. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಅರ್ತ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ನಡುವೆ 0.5 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ದಾರಿ ಕೆಟ್ಟಿದೆ. ಮೀಟರಿನ ಮೊನೆಯನ್ನು ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಒತ್ತಬೇಕು. ಎಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಹೆಣೆದ ಅರ್ತ್ ಪಟ್ಟಿ ಹರಿದರೆ ಸ್ಟಾರ್ಟರಿನ ಕರೆಂಟು ಚೋಕ್ ಮತ್ತು ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸಾಗುತ್ತದೆ. ಚೋಕ್ ಕೇಬಲ್ ಬಿಸಿಯಾಗಿದ್ದರೆ ಮೀಟರ್ ಕೂಡ ಬೇಕಿಲ್ಲ.

ಆಗಾಗ ಫ್ಯೂಸ್ ಹೋಗುವ ದೋಷಕ್ಕೆ ಬೇರೆ ತಂತ್ರ. ಹೊಸ ಹೊಸ ಫ್ಯೂಸ್ ಸುಡುವ ಬದಲು ಆ ಜಾಗಕ್ಕೆ 21 ವ್ಯಾಟಿನ ಬ್ರೇಕ್ ಬಲ್ಬು ಸಿಕ್ಕಿಸಿ, ಆ ದಾರಿಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ. ಬಲ್ಬು ಪೂರ್ತಿ ಬೆಳಗಿದರೆ ಎಲ್ಲೋ ಬಾಡಿಗೆ ತಾಗಿದೆ. ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಿ. ಬಲ್ಬು ಆರಿದ ಜಾಗದಲ್ಲಿ ಕೈ ನಿಲ್ಲಿಸಿ. ಹಸಿರು ಫ್ಯೂಸ್ ಆದರೆ ಗೇರ್‌ಬಾಕ್ಸ್ ಮೇಲಿನ ರಿವರ್ಸ್ ದೀಪದ ವೈರನ್ನು ಮೊದಲು ನೋಡಿ. ಅಂದಹಾಗೆ ಲ್ಯೂಕಾಸ್ ಫ್ಯೂಸಿನ ಮೇಲಿರುವ 35 ಆಂಪಿಯರ್ ಎಂಬುದು ಅದು ಸುಡುವ ಕರೆಂಟು. ನಿರಂತರ ತಾಳುವುದು 17 ಮಾತ್ರ. ಅಂಗಡಿಯಲ್ಲಿ 35 ಎಂದು ಕೇಳಿ ನಿರಂತರ 35 ತಾಳುವ ಫ್ಯೂಸ್ ತಂದು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ.

ಪೆಟ್ರೋಲ್ ಗೇಜಿನ ಹಿಂದಿನ ಹಳೆಯ ವೋಲ್ಟೇಜ್ ಸ್ಟೆಬಿಲೈಜರಿನಲ್ಲಿ ಮೀಟರ್ 0ಗೂ 12ಕ್ಕೂ ಓಲಾಡಿದರೆ ಅದನ್ನು ದೋಷವೆಂದು ಹಿಡಿಯಬೇಡಿ. ಆನ್ ಆಫ್ ಆಗುತ್ತಲೇ ಸರಾಸರಿ 10 ವೋಲ್ಟ್ ಕೊಡುವುದು ಅದರ ಕೆಲಸ.

ಸಿಕ್ಕ ಮೇಲೆ ರಿಪೇರಿ

ಬುಲೆಟ್ ಕನೆಕ್ಟರಿನ ರಬ್ಬರ್ ಒಳಗಿನ ಲೋಹದ ತೋಳು ತುಕ್ಕು ಹಿಡಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದನ್ನೇ ಹಾಕಿ, ಬೆಲೆಯೂ ಹೆಚ್ಚಲ್ಲ. ಬುಲೆಟನ್ನು ನಯವಾದ ಎಮರಿ ಕಾಗದದಲ್ಲಿ ಹಿತ್ತಾಳೆ ಹೊಳೆಯುವಷ್ಟು ಉಜ್ಜಿ, ತೆಳುವಾಗಿ ವ್ಯಾಸಲೀನ್ ಸವರಿ, ಎರಡೂ ಬುಲೆಟ್ ಮಧ್ಯದವರೆಗೆ ಇಳಿಯುವಂತೆ ಇಕ್ಕಳದಲ್ಲಿ ಒತ್ತಿ. ವೈರಿನೊಳಗೆ ತಾಮ್ರ ಕಪ್ಪಾಗಿದ್ದರೆ ಹೊಳಪು ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ. ಹಿಂದಿನ ಮಾಲೀಕರು ರೇಡಿಯೋಗೋ ಹಾರ್ನಿಗೋ ಹಾಕಿಸಿದ, ವೈರಿನ ಮೈಗೆ ಹಲ್ಲು ಕಚ್ಚಿ ಕೂರುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಕಂಡಲ್ಲೆಲ್ಲ ಕಿತ್ತುಹಾಕಿ. ಅರ್ಧ ಎಳೆಗಳನ್ನು ಕತ್ತರಿಸಿ ಉಳಿದರ್ಧಕ್ಕೆ ನೀರು ಕುಡಿಸುವುದೇ ಅವುಗಳ ಕಸುಬು. ತಿರುಚಿ ಟೇಪು ಸುತ್ತಿದ ಜೋಡಣೆಗೂ ಅದೇ ಗತಿ ಕಾಣಿಸಿ. ಫ್ಯೂಸ್‌ಬಾಕ್ಸಿನ ಕ್ಲಿಪ್ಪು ಹೊಳೆಯುತ್ತಿದ್ದರೂ ಅದರ ಬುಡದ ರಿವೆಟ್ ಕಿಲುಬು ಹಿಡಿದಿರಬಹುದು. ಲೋಡ್ ಕೊಟ್ಟು ಒಳಬರುವ ತುದಿಯಿಂದ ಹೊರಹೋಗುವ ತುದಿಗೆ ಅಳೆದರೆ ಅದೂ ಸಿಕ್ಕಿಬೀಳುತ್ತದೆ.

ಸಾಕ್ಷಿ ಬಲ್ಬುಗಳನ್ನು ಅದೇ ದಿನ ಬಿಚ್ಚಬೇಡಿ. ದೋಷ ವಾರಕ್ಕೊಮ್ಮೆ ಬರುತ್ತಿದ್ದರೆ ಮೂರು ವಾರ, ತಿಂಗಳಿಗೊಮ್ಮೆ ಆದರೆ ಮೂರು ತಿಂಗಳು ರಟ್ಟು ಡ್ಯಾಶಿನ ಮೇಲೇ ಇರಲಿ. ಚೆನ್ನಾಗಿ ಕಾಣುವುದಿಲ್ಲ, ನಿಜ.